ಮುಂಗಡದ ಮೊತ್ತದಲ್ಲಿ ಅಡಗಿರುವ ಅಪನಂಬಿಕೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಇಂದಿನ ಬೆಂಗಳೂರಿನಲ್ಲಿದ್ದಿದ್ದರೆ ‘ಮನೆ ಬಾಡಿಗೆಗೆ ಕೊಟ್ಟು ನೋಡು’ ಎಂದೂ ಸೇರಿಸುತ್ತಿದ್ದರೇನೋ. ಮನೆ ಮಾಲೀಕರೆಂದರೆ ಎಲ್ಲರೂ ಹತ್ತಾರು ಕಟ್ಟಡಗಳ ಒಡೆಯರಲ್ಲ. ನಿವೃತ್ತಿಯ ವೇಳೆ ಕೈಗೆ ಬಂದ ಭವಿಷ್ಯನಿಧಿಯನ್ನೆಲ್ಲ ಸುರಿದು, ಮೂವತ್ತು–ನಲವತ್ತರ ನಿವೇಶನದಲ್ಲಿ ಒಂದು ಮಹಡಿ ಏರಿಸಿ, ಅದರ ಬಾಡಿಗೆಯಲ್ಲಿ ಔಷಧಿ, ದಿನಸಿಯ ಖರ್ಚು ತೂಗಿಸುವವರೂ ಬಹಳ ಮಂದಿ. ಬಾಡಿಗೆದಾರ ಹಣ ಕೊಡುವುದನ್ನು ನಿಲ್ಲಿಸಿ, ಮನೆಯನ್ನೂ ಬಿಡದೆ ಕುಳಿತರೆ ಇಂಥವರು ಯಾರ ಬಳಿ ಹೋಗಬೇಕು?

ಉತ್ತರ ಸರಳವಾಗಿಲ್ಲ. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆ ಮೊತ್ತಕ್ಕೆ ಇಂದು ಒಂದು ಕೋಣೆ ಸಿಕ್ಕರೂ ಅದೃಷ್ಟವೇ. ಹೀಗಾಗಿ ಬಹುಪಾಲು ಮನೆಗಳ ವ್ಯಾಜ್ಯವು 1882ರ ಸ್ವತ್ತು ವರ್ಗಾವಣೆ ಕಾಯ್ದೆಯಡಿ ನಡೆಯಬೇಕು. ತಿಂಗಳ ಬಾಡಿಗೆಯನ್ನು 15 ದಿನಗಳ ನೋಟಿಸು ಕೊಟ್ಟು ಕೊನೆಗೊಳಿಸಬಹುದೆಂದು ಆ ಕಾಯ್ದೆ ಹೇಳುತ್ತದೆ. ಆದರೆ ನೋಟಿಸಿಗೆ ಬಗ್ಗದವರನ್ನು ತೆರವುಗೊಳಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಲೇಬೇಕು. ಅಲ್ಲಿ ದಿನಗಳ ಲೆಕ್ಕ ವರ್ಷಗಳದಾಗುತ್ತದೆ. ತಾಳ್ಮೆಗೆಟ್ಟು ಬೀಗ ಬದಲಿಸಿದರೆ, ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟ ಬಾಡಿಗೆದಾರ ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಸ್ವಾಧೀನ ಪಡೆಯಬಹುದು. ಆಗ ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲುವವನು ಮಾಲೀಕನೇ.

ಈ ಭಯಕ್ಕೆ ಜನ ಕಂಡುಕೊಂಡ ಮನೆಮದ್ದುಗಳು ಎರಡು: ಹನ್ನೊಂದು ತಿಂಗಳ ಕರಾರು ಮತ್ತು ಹತ್ತು ತಿಂಗಳ ಮುಂಗಡ. ಒಂದು ವರ್ಷಕ್ಕೆ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಹನ್ನೊಂದು ತಿಂಗಳ ಲೆಕ್ಕ ಹುಟ್ಟಿತು. ಹನ್ನೆರಡು ವರ್ಷ ಇದ್ದ ಬಾಡಿಗೆದಾರನಿಗೆ ಮನೆಯೇ ಸೇರುತ್ತದೆ ಎಂಬ ನಂಬಿಕೆಯೂ ವ್ಯಾಪಕವಾಗಿದೆ. ಇದು ತಪ್ಪು ತಿಳಿವಳಿಕೆ. ಮಾಲೀಕನ ಅನುಮತಿಯಿಂದ ಒಳಬಂದವನ ಸ್ವಾಧೀನ ಎಷ್ಟು ದೀರ್ಘವಾದರೂ, ಅಷ್ಟರಿಂದಲೇ ಅದು ಒಡೆತನವಾಗುವುದಿಲ್ಲ. ನಿಜವಾದ ಅಪಾಯ ಬೇರೆಡೆ ಇದೆ. ಸರಿಯಾದ ಮುದ್ರಾಂಕ ಶುಲ್ಕ ತೆರದ ಕರಾರುಪತ್ರವನ್ನು ಕೊರತೆ ಶುಲ್ಕ ಮತ್ತು ದಂಡ ಕಟ್ಟುವವರೆಗೆ ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಕೆಲವು ನೂರು ರೂಪಾಯಿ ಉಳಿಸಲು ಹೋದವರು ಇದನ್ನು ಅರಿಯುವುದು ವ್ಯಾಜ್ಯ ಶುರುವಾದ ಮೇಲೆಯೇ.

ಹೂಡಿಕೆಯ ದೃಷ್ಟಿಯಿಂದ ಮನೆ ಕೊಂಡವರ ಪಾಡೂ ಭಿನ್ನವಲ್ಲ. ಉದಾಹರಣೆಗೆ, 80 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 20,000 ರೂಪಾಯಿ ಬಾಡಿಗೆ ಬಂದರೆ ವರ್ಷಕ್ಕೆ ಶೇ 3ರಷ್ಟು ಆದಾಯ. ಅದರಲ್ಲಿ 60 ಲಕ್ಷವನ್ನು ಶೇ 8.5ರ ಬಡ್ಡಿಗೆ 20 ವರ್ಷಕ್ಕೆ ಸಾಲ ತಂದಿದ್ದರೆ ತಿಂಗಳ ಕಂತು ಸುಮಾರು 52,000 ರೂಪಾಯಿ. ಬೆಲೆ ಏರುತ್ತಲೇ ಇರುತ್ತದೆಂಬ ವಿಶ್ವಾಸದ ಮೇಲೆ ನಿಂತಿರುವ ಲೆಕ್ಕವಿದು. ಆರು ತಿಂಗಳ ಬಾಡಿಗೆ ನಿಂತರೂ ಕಂತು ನಿಲ್ಲುವುದಿಲ್ಲ.

ಇಷ್ಟಾದರೂ ಮಾಲೀಕರೆಲ್ಲ ನಿರಪರಾಧಿಗಳೆಂದು ವಾದಿಸುವುದು ಪ್ರಾಮಾಣಿಕವಾಗದು. ನಕ್ಷೆ ಮೀರಿ ಮಹಡಿ ಏರಿಸುವುದು, ರಸೀದಿಯಿಲ್ಲದೆ ನಗದು ಪಡೆಯುವುದು, ಮನೆ ಬಿಡುವಾಗ ಬಣ್ಣದ ನೆಪದಲ್ಲಿ ಮುಂಗಡ ಮುರಿದುಕೊಳ್ಳುವುದು ನಾವೆಲ್ಲ ಕಂಡ ಸಂಗತಿಗಳೇ. ಜನ ‘ಲೀಸ್’ ಎಂದು ಕರೆಯುವ ಭೋಗ್ಯದ ವ್ಯವಹಾರದಲ್ಲಂತೂ ಲಕ್ಷಾಂತರ ರೂಪಾಯಿ ಒಂದೇ ಕಂತಿನಲ್ಲಿ ಕೈ ಬದಲಾಗುತ್ತದೆ. ಆ ಮನೆ ಮೊದಲೇ ಬ್ಯಾಂಕಿಗೆ ಅಡಮಾನವಾಗಿದ್ದು, ಸಾಲ ತೀರದೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಸ್ವಾಧೀನಕ್ಕೆ ಬಂದರೆ, ನೋಂದಣಿಯಾಗದ ಪತ್ರ ಹಿಡಿದ ಕುಟುಂಬಕ್ಕೆ ನಿಲ್ಲಲು ನೆಲೆಯೇ ಇರುವುದಿಲ್ಲ. ಮಾಲೀಕನಿಗೆ ನ್ಯಾಯ ನಿಧಾನವಾದರೆ, ಇಲ್ಲಿ ಬಾಡಿಗೆದಾರನಿಗೆ ನ್ಯಾಯವೇ ದೂರ.

ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಈ ಎರಡೂ ಕಡೆಯ ನೋವನ್ನು ಗಮನಿಸಿದೆ. ಪ್ರತಿ ಕರಾರು ಲಿಖಿತವಾಗಿದ್ದು ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸಿರಬೇಕು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದು. ಅವಧಿ ಮುಗಿದ ಮೇಲೂ ಮನೆ ಬಿಡದವರು ಮೊದಲೆರಡು ತಿಂಗಳು ಎರಡು ಪಟ್ಟು, ಅನಂತರ ನಾಲ್ಕು ಪಟ್ಟು ಬಾಡಿಗೆ ತೆರಬೇಕು. ನೀರು, ವಿದ್ಯುತ್ ಕಡಿತಗೊಳಿಸುವಂತಿಲ್ಲ. ವ್ಯಾಜ್ಯಗಳಿಗೆ ಪ್ರತ್ಯೇಕ ಬಾಡಿಗೆ ನ್ಯಾಯಾಲಯ ಬೇಕು. ಆದರೆ ಅದು ಮಾದರಿಯಷ್ಟೆ. ರಾಜ್ಯದ ಶಾಸಕಾಂಗ ಅಂಗೀಕರಿಸಿದರೆ ಮಾತ್ರ ಅದಕ್ಕೆ ಜೀವ.

ಇದರಿಂದ ಬಡ ಬಾಡಿಗೆದಾರರು ಬೀದಿಗೆ ಬೀಳುತ್ತಾರೆಂಬ ಆತಂಕವನ್ನು ತಳ್ಳಿಹಾಕಲಾಗದು. ಈಗಾಗಲೇ ಬಿಡುವಿಲ್ಲದ ಕಂದಾಯ ಅಧಿಕಾರಿಯ ಹೆಗಲಿಗೆ ಇನ್ನೊಂದು ಹೊಣೆ ಹೊರಿಸಿದರೆ ಹಳೆಯ ವಿಳಂಬವೇ ಹೊಸ ಫಲಕದಡಿ ಮುಂದುವರಿದೀತು. ಆದ್ದರಿಂದ ಕರ್ನಾಟಕ ಈ ದಾರಿಯಲ್ಲಿ ನಡೆಯುವುದಾದರೆ ಪೂರ್ಣಾವಧಿ ಅಧಿಕಾರಿಗಳು, ಕನ್ನಡದಲ್ಲಿ ಸರಳವಾದ ಕರಾರು ನಮೂನೆ, ಬಡ ಬಾಡಿಗೆದಾರರಿಗೆ ಉಚಿತ ಕಾನೂನು ನೆರವು ಇವು ಜೊತೆಯಲ್ಲೇ ಬರಬೇಕು.

ಇಲ್ಲಿ ಮೊದಲ ಹೆಜ್ಜೆ ಇಡಬೇಕಾದವರು ಮಾಲೀಕರೇ. ಹತ್ತು ತಿಂಗಳ ಮುಂಗಡ ದುರಾಸೆಯಿಂದಷ್ಟೇ ಹುಟ್ಟಿದ್ದಲ್ಲ. ನ್ಯಾಯ ಬೇಗ ಸಿಗದೆಂಬ ಅಪನಂಬಿಕೆಗೆ ನಾವು ಕಟ್ಟಿದ ಬೆಲೆ ಅದು. ಆ ಬೆಲೆಯನ್ನು ಇದುವರೆಗೆ ತೆರುತ್ತ ಬಂದವರು ಮಾತ್ರ, ಊರು ಬಿಟ್ಟು ಈ ನಗರಕ್ಕೆ ಬಂದು ಮೊದಲ ಸಂಬಳಕ್ಕೂ ಮುನ್ನ ಸಾಲ ಮಾಡಿ ಮುಂಗಡ ಹೊಂದಿಸುವ ಯುವಕ ಯುವತಿಯರು. ಶೀಘ್ರ ನ್ಯಾಯ ಬೇಕೆಂದು ಸರ್ಕಾರವನ್ನು ಕೇಳುವ ಮಾಲೀಕ, ಆ ದೊಡ್ಡ ಮುಂಗಡವನ್ನು ಬಿಟ್ಟುಕೊಡಲೂ ಸಿದ್ಧನಿರಬೇಕು. ಆಗ ಮಾತ್ರ ಅವನ ಬೇಡಿಕೆಗೆ ನೈತಿಕ ಬಲ ಬರುತ್ತದೆ.