ಆಯಿಲ್ ಇಳಿಸುವಾಗ ಪಕ್ಕದಲ್ಲೇ ನಿಂತ್ಕೊಳ್ಳಿ

ಹಸು ಕರೆಯೋ ಮುಂಚೆ ಮೊದಲ ಎರಡು ಧಾರೆ ಅಂಗೈ ಮೇಲೆ ಬಿಟ್ಟು ನೋಡ್ತೀವಿ. ಗಟ್ಟಿ ಗಟ್ಟಿ ಬಂದ್ರೆ ಕೆಚ್ಚಲು ಬಾವು ಅಂತ ಅವತ್ತೇ ಗೊತ್ತಾಗುತ್ತೆ. ಆದ್ರೆ ಏಳೆಂಟು ಲಕ್ಷ ಸಾಲ ಮಾಡಿ ತಂದ ಟ್ರಾಕ್ಟರಿಂದ ಇಳಿಯೋ ಹಳೇ ಆಯಿಲ್ ಕಡೆ ಮಾತ್ರ ಯಾರೂ ನೋಡಲ್ಲ. ಶೆಡ್ಡಿಗೆ ಗಾಡಿ ಬಿಟ್ಟು ಟೀ ಕುಡಿಯೋಕೆ ಹೋಗ್ತೀವಿ. ನಾನೂ ಹಂಗೇ ಮಾಡಿ ಒಂದು ಬೆಳೆ ಕಳ್ಕೊಂಡವನು. ಅದಕ್ಕೇ ಮುಂಗಾರಿಗೆ ಸರ್ವಿಸ್ ಮಾಡಿಸೋ ಈ ಟೈಮಲ್ಲಿ ಬರೀತಿದ್ದೀನಿ.

ಮೂರು ವರ್ಷದ ಹಿಂದಿನ ಮಾತು. ನಮ್ಮ ಟ್ರಾಕ್ಟರ್ ಬುಕ್ಕಲ್ಲಿ 250 ಗಂಟೆಗೆ ಆಯಿಲ್ ಬದಲಿಸಿ ಅಂತ ಇತ್ತು. ಬಾಡಿಗೆ ಉಳುಮೆ ಜೋರಾಗಿತ್ತು, ನಾನು 400 ದಾಟಿಸಿದ್ದೆ. ಆಯಿಲ್ ಇಳಿಸ್ತಿದ್ದ ಹುಡುಗ "ಅಣ್ಣ, ಇಲ್ನೋಡಿ, ಚಿನ್ನದ ರೇಕಿನ ತರ ಹೊಳೀತೈತೆ" ಅಂದ. ನಾನು "ಗಾಡಿ ಓಡ್ತೈತಲ್ಲ, ಹೊಸಾದು ಹಾಕು, ನಡಿ" ಅಂದೆ. ಒಂದೂವರೆ ತಿಂಗಳಿಗೆ ರಾಗಿ ಬಿತ್ತನೆ ಹದದಲ್ಲೇ ಇಂಜಿನ್ ಟಕಟಕ ಅಂತು, ಆಯಿಲ್ ಲೈಟ್ ಹತ್ತಿಕೊಳ್ತು, ಅರ್ಧ ಸಾಲಿನಲ್ಲೇ ಹಿಡಿದುಕೊಂಡು ನಿಂತು ಹೋಯ್ತು. ಬೇರಿಂಗ್ ತಿಂದು ಕ್ರ್ಯಾಂಕ್ ಗೀರಿತ್ತು. 62 ಸಾವಿರ ಬಿಲ್ಲು. ಅದು ಹೋಗ್ಲಿ, ಹದ ಹೋಯ್ತು. ಬಾಡಿಗೆ ಗಾಡಿ ಸಿಗೋ ಹೊತ್ತಿಗೆ ನೆಲ ಒಣಗಿತ್ತು. ಉಳಿಸಿದ್ದು ಎಷ್ಟು? ಒಂದು ಸಲದ ಆಯಿಲ್ ದುಡ್ಡು.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಥೆನೂ ಹೇಳಬೇಕು. ಇಲ್ಲದಿದ್ರೆ ಹೊಳಪು ಕಂಡ ಕೂಡಲೇ ಹೆದರಿಬಿಡ್ತೀರ. ಹೋದ ವರ್ಷ ನಮ್ಮ ಭಾವ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡ್ರು. ಮೊದಲ ಆಯಿಲ್ ಬದಲಿಸುವಾಗ ಗ್ಯಾರೇಜಿನವರು ಡ್ರೈನ್ ಬೋಲ್ಟ್ ತೋರಿಸಿ "ಕಬ್ಬಿಣ ಬಂದಿದೆ, ಇಂಜಿನ್ ಬಿಚ್ಚಬೇಕು, 45 ಸಾವಿರ ಆಗುತ್ತೆ" ಅಂದ್ರು. ಭಾವನ ಮುಖ ಸಣ್ಣಗಾಗಿತ್ತು. ನಾನು ಹೋಗಿ ನೋಡಿದ್ರೆ, ಬೋಲ್ಟಿನ ತುದಿ ಅಯಸ್ಕಾಂತಕ್ಕೆ ಬೂದು ಬಣ್ಣದ ಮೆತ್ತನೆ ಕೆಸರು ಅಂಟಿತ್ತು, ಅಷ್ಟೇ. ಬೆರಳಲ್ಲಿ ಉಜ್ಜಿದ್ರೆ ವಿಭೂತಿ ತರ ನುಣ್ಣಗೆ. ಇದು ಮಾಮೂಲಿ ಸವೆತ. "ಬಿಚ್ಚೋದು ಬೇಡ ಭಾವ, ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿಸಿ, ಸಾವಿರ ಕಿಲೋಮೀಟರ್ ಓಡಿಸಿ ಮತ್ತೆ ನೋಡೋಣ" ಅಂದೆ. ಎರಡನೇ ಸಲ ಉಗುರಿಗೆ ಹತ್ತುವಷ್ಟೂ ಇರಲಿಲ್ಲ. ಕಾರು ಈಗಲೂ ಓಡ್ತಿದೆ.

ಎಲ್ಲ ಇಂಜಿನ್ನೂ ಸವೆಯುತ್ತೆ. ಹೊಸ ಗಾಡಿ ಮೊದಲ ಸರ್ವಿಸಿಗೆ ಸ್ವಲ್ಪ ಹೊಳಪು ಬಿಡೋದು ಸಹಜ. ಅದಕ್ಕೇ ಆ ಸರ್ವಿಸ್ ಬೇಗ ಇಟ್ಟಿರೋದು. ಡೀಸೆಲ್ ಇಂಜಿನ್ ಆಯಿಲ್ ಕಪ್ಪಾಗೋದೂ ತಪ್ಪಲ್ಲ, ಅದು ಮಸಿ. ನೋಡಬೇಕಾದ್ದು ಬೇರೆ. ಅಯಸ್ಕಾಂತಕ್ಕೆ ಅಂಟಿದ್ದು ಸೂಜಿ ಮುರುಕಿನ ಹಾಗೆ ಬೆರಳಿಗೆ ಚುಚ್ಚಿದರೆ, ಕಬ್ಬಿಣದ ಯಾವುದೋ ಪಾರ್ಟು ಒಡೀತಿದೆ ಅಂತ. ಬೆಳ್ಳಗೆ ಹೊಳೀತಿದ್ದು ಅಯಸ್ಕಾಂತಕ್ಕೆ ಅಂಟದಿದ್ರೆ ಅಲ್ಯೂಮಿನಿಯಂ, ಪಿಸ್ಟನ್ ಕಡೆ ಅನುಮಾನ ಪಡಿ. ತಾಮ್ರ, ಹಿತ್ತಾಳೆ ಬಣ್ಣ ಬಂದ್ರೆ ಬೇರಿಂಗೋ ಬುಶ್ಶೋ ಹೋಗ್ತಿದೆ, ನನ್ನದು ಇದೇ. ಅಯಸ್ಕಾಂತಕ್ಕೆ ಏನೂ ಅಂಟಿಲ್ಲ ಅಂತ ಖುಷಿ ಪಡಬೇಡಿ, ತಾಮ್ರ ಅಂಟಲ್ಲ.

ನಾನು ಮಾಡೋದು ಇಷ್ಟು. ಇಂಜಿನ್ ಬಿಸಿ ಇದ್ದಾಗಲೇ ತೊಳೆದ ಬೋಗುಣಿಗೆ ಆಯಿಲ್ ಇಳಿಸ್ತೀನಿ. ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ತಳದಲ್ಲಿ ಆಡಿಸ್ತೀನಿ. ಉಳಿದದ್ದನ್ನ ಬಿಳೀ ಪಂಚೆ ತುಂಡಲ್ಲಿ ಸೋಸಿ ಬಿಸಿಲಿಗೆ ಹಿಡಿದು ನೋಡ್ತೀನಿ. ಫಿಲ್ಟರನ್ನೂ ಬಿಚ್ಚಿ ನೋಡಬೇಕು, ಕಸ ಜಾಸ್ತಿ ಸಿಗೋದು ಅಲ್ಲೇ. ಆದ್ರೆ ಹ್ಯಾಕ್ಸಾ ಬ್ಲೇಡಲ್ಲಿ ಕೊಯ್ಯಬೇಡಿ. ನಾನು ಒಂದ್ಸಲ ಹಂಗೆ ಕೊಯ್ದು, ಒಳಗೆ ಕಂಡ ಕಬ್ಬಿಣದ ಚೂರಿಗೆ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಮೆಕ್ಯಾನಿಕ್ ನಕ್ಕುಬಿಟ್ಟ, "ಯಜಮಾನ್ರೇ, ಇದು ನೀವೇ ಕೊಯ್ದ ಪುಡಿ" ಅಂತ.

ಇನ್ನೊಂದು ಮಾತು, ಲೋಹದ ಪುಡಿ ಜಾಸ್ತಿ ಬಂದ್ರೆ ಏರ್ ಕ್ಲೀನರ್ ನೋಡಿ. ಒಣ ನೆಲದಲ್ಲಿ ರೋಟವೇಟರ್ ಹೊಡೆಯುವಾಗ ಎದ್ದ ದೂಳು, ಬಿರುಕು ಬಿಟ್ಟ ಪೈಪಲ್ಲೋ ಸಡಿಲ ಕ್ಲಿಪ್ಪಲ್ಲೋ ಒಳಗೆ ಹೋದ್ರೆ ರಿಂಗು, ಲೈನರಿಗೆ ಉಪ್ಪು ಕಾಗದ ಹಾಕಿ ಉಜ್ಜಿದಂತೆ.

ಅಮೆರಿಕದ ರೈಲ್ವೆಯವರು 1940ರ ದಶಕದಲ್ಲೇ ಹಳೇ ಆಯಿಲನ್ನ ಲ್ಯಾಬಲ್ಲಿ ಪರೀಕ್ಷೆ ಮಾಡಿ, ಯಾವ ಲೋಹ ಹೆಚ್ಚಾಗಿದೆ ನೋಡಿ, ಇಂಜಿನ್ ಕೆಡೋ ಮುಂಚೆನೇ ರಿಪೇರಿ ಮಾಡ್ತಿದ್ರು. ನಮಗೆ ಲ್ಯಾಬ್ ಬೇಡ. ಒಂದು ಅಯಸ್ಕಾಂತ, ಒಂದು ಬಿಳಿ ಬಟ್ಟೆ, ಹತ್ತು ನಿಮಿಷ ಸಾಕು.

ನನ್ನ ಅಭಿಪ್ರಾಯ ಇಷ್ಟೇ. ನೋಡದೇ ಇರೋದೂ ತಪ್ಪು, ಒಂದ್ಸಲ ನೋಡಿ ಇಂಜಿನ್ ಬಿಚ್ಚಿಸೋದೂ ತಪ್ಪು. ಚುಚ್ಚುವ ಚೂರು, ತಾಮ್ರದ ಬಣ್ಣ ಕಂಡರೆ ಗಾಡಿ ನಿಲ್ಲಿಸಿ, ತಡ ಮಾಡಬೇಡಿ. ಬರೀ ಬೂದು ಕೆಸರಾದ್ರೆ ಗಂಟೆ ಬರೆದಿಟ್ಟುಕೊಂಡು ಮುಂದಿನ ಸಲದ್ದಕ್ಕೆ ಹೋಲಿಸಿ. ಹಳೇ ಟ್ರಾಕ್ಟರ್ ಕೊಳ್ಳೋರಂತೂ ಆಯಿಲ್ ಇಳಿಸಿ ನೋಡದೇ ಅಡ್ವಾನ್ಸ್ ಕೊಡಬೇಡಿ, ಸದ್ದು ಮುಚ್ಚೋಕೆ ದಪ್ಪ ಆಯಿಲ್ ಹಾಕಿ ಮಾರೋರು ಇದ್ದಾರೆ. ಟೀ ಆಮೇಲೆ ಕುಡಿಯಬಹುದು. ಹದ ಹೋದ್ರೆ ಮತ್ತೆ ಬರಲ್ಲ.