ಒಳ್ಳೆಯ ಅಪ್ಪನ ಕೈಯಲ್ಲಿ ಸೂಜಿ

ಮಕ್ಕಳು ಎಂಟನೆಯ ಕ್ಲಾಸು ದಾಟುತ್ತಿದ್ದಂತೆ ಪುಸ್ತಕ ಬಿಟ್ಟು ಮೊಬೈಲು ಹಿಡಿದರು ಎಂದು ಕೊರಗುವ ತಂದೆತಾಯಿಯರಿಗೆ ಈಗ ಸಿದ್ಧ ಉತ್ತರವೊಂದು ಸಿಗುತ್ತದೆ: ‘ಡಿಸ್ಟೋಪಿಯನ್ ಕಾದಂಬರಿ ಕೊಡಿ, ಕೆಳಗಿಡೋದೇ ಇಲ್ಲ.’ ಪುಸ್ತಕದಂಗಡಿಯವರು ಹೇಳುತ್ತಾರೆ, ಇಂಗ್ಲಿಷ್ ಮೇಷ್ಟರು ಹೇಳುತ್ತಾರೆ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಂತೂ ಹೇಳಿಯೇ ಹೇಳುತ್ತದೆ. ಸಲಹೆ ತಪ್ಪಲ್ಲ, ಅದಕ್ಕೆ ಕೊಡುವ ಕಾರಣ ತೀರಾ ತೆಳು. ಓಟ ಇದೆ, ಹೊಡೆದಾಟ ಇದೆ, ನಡುವೆ ಸಣ್ಣದೊಂದು ಪ್ರೇಮ ಇದೆ; ಹೇಗೋ ಓದಲಿ, ಏನು ಓದಿದರು ಅನ್ನುವುದು ಆಮೇಲಿನ ಮಾತು. ಬರೀ ಓಟ, ಹೊಡೆದಾಟ ಬೇಕಾದವರಿಗೆ ವಿಡಿಯೊ ಗೇಮ್ ಇದೆಯಲ್ಲ, ಮುನ್ನೂರು ಪುಟದ ಕಷ್ಟ ಯಾಕೆ?

ಹದಿನಾಲ್ಕು ಹದಿನೈದರ ಹುಡುಗ ಹುಡುಗಿಯರು ಕೆಟ್ಟುಹೋದ ನಾಳೆಯ ಲೋಕದ ಈ ಕತೆಗಳಿಗೆ ಕಚ್ಚಿಕೊಳ್ಳುವುದಕ್ಕೆ ನನಗೆ ಕಾಣುವ ಕಾರಣ ಬೇರೆ. ಒಳ್ಳೆಯವರು, ಪ್ರೀತಿಸುವವರು, ನಮ್ಮ ಮನೆಯವರೇ ಸೇರಿ ಒಂದು ಕೆಟ್ಟ ವ್ಯವಸ್ಥೆಯನ್ನು ಅಚ್ಚುಕಟ್ಟಾಗಿ ನಡೆಸುತ್ತಿರಬಹುದು ಎಂಬ ಅನುಮಾನ ಆ ವಯಸ್ಸಿಗೆ ಬಂದಿರುತ್ತದೆ. ಅದನ್ನು ಅವರೊಂದಿಗೆ ಬಾಯಿಬಿಟ್ಟು ಮಾತಾಡುವವರು ಇಲ್ಲ. ಈ ಕಾದಂಬರಿಗಳು ಮಾತಾಡುತ್ತವೆ.

ಲೋಯಿಸ್ ಲೋರಿಯ ‘ದಿ ಗಿವರ್’ 1993ರಲ್ಲಿ ಬಂತು. ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕ ಪಡೆಯಿತು. ಅದೇ ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಪೋಷಕರು ಇದನ್ನು ತೆಗೆಯಿರಿ ಎಂದು ಗಲಾಟೆ ಮಾಡಿದ್ದೂ ಇದೇ ಪುಸ್ತಕಕ್ಕೆ. ಜಗಳವಿಲ್ಲದ, ಹಸಿವಿಲ್ಲದ, ಬಣ್ಣವೂ ಇಲ್ಲದ ಒಂದು ಊರು. ಹನ್ನೆರಡು ತುಂಬಿದ ಮಕ್ಕಳಿಗೆ ಹಿರಿಯರೇ ಉದ್ಯೋಗ ಗೊತ್ತುಮಾಡುತ್ತಾರೆ. ಜೋನಾಸ್‌ನ ಅಪ್ಪ ಹಸುಗೂಸುಗಳನ್ನು ಸಾಕುವ ಕೆಲಸದವನು. ಮೆದು ಮಾತಿನವನು, ಮಕ್ಕಳೆಂದರೆ ಪ್ರಾಣ. ಅವಳಿ ಹುಟ್ಟಿದರೆ ತೂಕ ಕಡಿಮೆ ಇರುವ ಕೂಸನ್ನು ‘ಬಿಡುಗಡೆ’ ಮಾಡುವುದು ಅಲ್ಲಿನ ನಿಯಮ. ಅದು ಹೇಗೆ ನಡೆಯುತ್ತದೆಂದು ಜೋನಾಸ್ ಒಂದು ದಿನ ಪರದೆಯ ಮೇಲೆ ನೋಡುತ್ತಾನೆ. ಅಪ್ಪ ಕೂಸಿನೊಂದಿಗೆ ಮುದ್ದುಮಾತಾಡುತ್ತಲೇ ನೆತ್ತಿಯ ನರಕ್ಕೆ ಸೂಜಿ ಚುಚ್ಚುತ್ತಾನೆ, ಹೆಣವನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ ಸಾಗಿಸುತ್ತಾನೆ, ಟಾಟಾ ಹೇಳುತ್ತಾನೆ. ಸಂಜೆ ಎಂದಿನಂತೆ ಮನೆಗೆ ಬರುತ್ತಾನೆ.

ಪೋಷಕರು ಗಲಾಟೆ ಮಾಡಿದ್ದು ಸೂಜಿಯ ಕ್ರೌರ್ಯಕ್ಕೆ ಅಂತ ನಾನು ನಂಬುವುದಿಲ್ಲ. ಟಿ.ವಿ.ಯಲ್ಲಿ ಅದಕ್ಕಿಂತ ಹೆಚ್ಚಿನ ರಕ್ತವನ್ನು ಮಕ್ಕಳ ಪಕ್ಕದಲ್ಲೇ ಕೂತು ನೋಡುತ್ತೇವೆ. ಇಲ್ಲಿ ಸೂಜಿ ಹಿಡಿದವನು ರಾಕ್ಷಸನಲ್ಲ, ಒಳ್ಳೆಯ ಅಪ್ಪ. ತೊಂದರೆ ಇರುವುದು ಅಲ್ಲಿ.

2011ರ ವೆರೊನಿಕಾ ರಾತ್ ಅವರ ‘ಡೈವರ್ಜೆಂಟ್’ನಲ್ಲಿ ಷಿಕಾಗೊ ನಗರ ಐದು ಪಂಗಡಗಳಾಗಿ ಒಡೆದಿದೆ, ಹದಿನಾರಕ್ಕೆ ಪರೀಕ್ಷೆ, ಆಮೇಲೆ ಒಂದು ಪಂಗಡದ ಆಯ್ಕೆ, ಆಯ್ಕೆ ಮಾಡಿದರೆ ಸಾಯುವವರೆಗೂ ಅದೇ. ಕಾದಂಬರಿಯಾಗಿ ಅಂಥ ದೊಡ್ಡದೇನಲ್ಲ. ಆದರೆ ಎಸ್ಸೆಸ್ಸೆಲ್ಸಿ ಮುಗಿದ ವಾರವೇ ಸೈನ್ಸೋ ಕಾಮರ್ಸೋ ಎಂದು ಮನೆಯವರೆಲ್ಲ ಸುತ್ತುಗಟ್ಟಿದ, ಮುಂದೆ ಸಿಇಟಿ, ನೀಟ್ ಎಂದು ಎರಡು ವರ್ಷದ ವೇಳಾಪಟ್ಟಿ ಗೋಡೆಗೆ ಅಂಟಿದ ನಮ್ಮ ಮಗುವಿಗೆ ಆ ಲೋಕವನ್ನು ಊಹಿಸಿಕೊಳ್ಳುವ ಕಷ್ಟವೇ ಇಲ್ಲ. ನಾವು ಭವಿಷ್ಯದ ಕತೆ ಎಂದು ತಂದುಕೊಟ್ಟದ್ದನ್ನು ಅದು ದಿನಪತ್ರಿಕೆಯ ಹಾಗೆ ಓದುತ್ತದೆ.

ಇದೆಲ್ಲ ಪರದೇಶದ ಸರಕು, ನಮ್ಮ ಮಕ್ಕಳಿಗೆ ನಮ್ಮ ಪುರಾಣ ಸಾಲದೇ ಎನ್ನುವವರಿದ್ದಾರೆ. ಪುರಾಣವನ್ನು ಸರಿಯಾಗಿ ಹೇಳಿದರೆ ಧಾರಾಳವಾಗಿ ಸಾಕು. ಬಕಾಸುರನ ಕತೆಯಲ್ಲಿ ಭೀಮ ಬಂಡಿ ಅನ್ನವನ್ನು ತಾನೇ ಉಂಡದ್ದನ್ನು ನಗೆಯಾಗಿ ಹೇಳಿ ಮುಗಿಸಿಬಿಡುತ್ತೇವೆ. ವ್ಯಾಸಭಾರತದ ಆದಿಪರ್ವದಲ್ಲಿ ಏಕಚಕ್ರ ನಗರಿಯ ವಿವರ ಬೇರೆಯೇ ಇದೆ. ಅಲ್ಲಿ ರಾಜನಿದ್ದಾನೆ, ಆದರೆ ದುರ್ಬಲ, ಪ್ರಜೆಗಳನ್ನು ಕಾಯಲಾರ. ಊರನ್ನು ಪರರಿಂದ ಕಾಯುವವನು ಬಕನೇ. ಅದಕ್ಕೆ ಸಂಬಳ ಒಂದು ಬಂಡಿ ಅನ್ನ, ಎರಡು ಕೋಣ, ಬಂಡಿ ಹೊಡೆದುಕೊಂಡು ಹೋದ ಮನುಷ್ಯ. ಮನೆಮನೆಗೆ ಸರದಿ, ತಪ್ಪಿಸಿಕೊಳ್ಳಲು ನೋಡಿದವನ ಸಂಸಾರವೇ ಹೋಗುತ್ತದೆ. ಸರದಿ ಬಂದ ಬ್ರಾಹ್ಮಣ ಹೆಂಡತಿಯ ಮುಂದೆ ಅಳುತ್ತಾನೆ: ಈ ಊರು ಬಿಡೋಣ ಎಂದು ನಾನು ಹಿಂದೆಯೇ ಹೇಳಿದ್ದೆ, ಹುಟ್ಟಿ ಬೆಳೆದ ಜಾಗ ಎಂದು ನೀನೇ ಒಪ್ಪಲಿಲ್ಲ. ಗಂಡ ನಾನು ಹೋಗುತ್ತೇನೆ ಎನ್ನುತ್ತಾನೆ, ಹೆಂಡತಿ ನಾನು ಎನ್ನುತ್ತಾಳೆ, ಮಗಳು ನಾನು ಎನ್ನುತ್ತಾಳೆ. ಮಾತು ಇನ್ನೂ ಸರಿಯಾಗಿ ಬಾರದ ಪುಟ್ಟ ಮಗ ಒಂದು ಹುಲ್ಲುಕಡ್ಡಿ ಎತ್ತಿ, ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆ ಎಂದು ತೊದಲುತ್ತಾನೆ. ಸುಜೇನ್ ಕಾಲಿನ್ಸ್ ‘ದಿ ಹಂಗರ್ ಗೇಮ್ಸ್’ ಬರೆಯುವಾಗ ನೆನೆದದ್ದು ಮಿನೊಟಾರನೆಂಬ ರಾಕ್ಷಸನಿಗೆ ಏಳು ಹುಡುಗರು, ಏಳು ಹುಡುಗಿಯರನ್ನು ಒಪ್ಪಿಸುತ್ತಿದ್ದ ಅಥೆನ್ಸಿನ ಕತೆಯನ್ನು. ಏಕಚಕ್ರ ಅವರ ಕಿವಿಗೆ ಬಿದ್ದಿದ್ದರೆ ಅದೂ ಒದಗುತ್ತಿತ್ತು. ಬಲಿ ಕೊಡುವವರು ದುಷ್ಟರಲ್ಲ, ಲೆಕ್ಕ ತಪ್ಪದಂತೆ ಸರದಿ ಪಾಲಿಸುವ ಮರ್ಯಾದಸ್ಥರು ಎಂಬುದು ಎರಡರಲ್ಲೂ ಒಂದೇ. ನಮ್ಮಲ್ಲಿ ಹೊರಗಿನಿಂದ ಒಬ್ಬ ಭೀಮ ಬಂದ. 2008ರ ಆ ಕಾದಂಬರಿಯಲ್ಲಿ ಬರುವುದಿಲ್ಲ. ಮಕ್ಕಳು ಸಾಯುವವರೆಗೆ ಕಾದಾಡಬೇಕಾದ ಆಟಕ್ಕೆ ತಂಗಿಯ ಚೀಟಿ ಬಂದಾಗ ಹದಿನಾರರ ಕ್ಯಾಟ್ನಿಸ್ ತಾನೇ ಮುಂದೆ ಬರಬೇಕು. ಅಲ್ಲಿ ಕಾಳು, ಎಣ್ಣೆ ಹೆಚ್ಚು ಬೇಕಾದ ಬಡಮಕ್ಕಳು ಅದಕ್ಕೆ ಬದಲಾಗಿ ತಮ್ಮ ಹೆಸರಿನ ಚೀಟಿಯನ್ನು ಮತ್ತೆ ಮತ್ತೆ ಹಾಕಿಸಬೇಕು. ಅದೃಷ್ಟ ಎಂದು ಕರೆಯುವುದರೊಳಗೆ ಬಡತನ ಹೇಗೆ ಕೂತಿರುತ್ತದೆ ಎಂಬುದನ್ನು ಇಷ್ಟು ಸಲೀಸಾಗಿ ಹೇಳುವ ಸಮಾಜಶಾಸ್ತ್ರದ ಪಾಠ ನಾನು ನೋಡಿಲ್ಲ.

ವಿರೋಧದ ಮಾತುಗಳಲ್ಲಿ ಒಂದನ್ನು ನಾನು ತಳ್ಳಿಹಾಕಲಾರೆ. ಅಮೆರಿಕದ ಇತಿಹಾಸಕಾರ್ತಿ ಜಿಲ್ ಲೆಪೋರ್ 2017ರಲ್ಲಿ ‘ನ್ಯೂಯಾರ್ಕರ್’ನಲ್ಲಿ ಬರೆದದ್ದರ ಸಾರ ಇದು: ಈ ಬಗೆಯ ಕತೆ ಒಂದು ಕಾಲಕ್ಕೆ ಪ್ರತಿರೋಧದ ಸಾಹಿತ್ಯವಾಗಿತ್ತು, ಈಗ ಶರಣಾಗತಿಯದ್ದಾಗಿದೆ, ಯಾರನ್ನೂ ನಂಬಬೇಡ ಎನ್ನುತ್ತದೆ, ಕೂಡಿ ಕಟ್ಟುವ ದಾರಿ ತೋರಿಸುವುದಿಲ್ಲ. ಇದರಲ್ಲಿ ನಿಜವಿದೆ. ಒಂದರ ಮೇಲೊಂದು ಸರಣಿ ಓದಿದ ಮಗು, ಎಲ್ಲ ಸರಕಾರವೂ ಮೋಸ, ಎಲ್ಲ ಹಿರಿಯರೂ ಸುಳ್ಳರು ಎಂಬ ಅಗ್ಗದ ಜಾಣತನಕ್ಕೆ ಬಂದು ನಿಲ್ಲುವ ಅಪಾಯ ಇದ್ದೇ ಇದೆ. 2014ರ ಸೇನಾದಂಗೆಯ ನಂತರ ಥಾಯ್ಲೆಂಡಿನ ವಿದ್ಯಾರ್ಥಿಗಳು ‘ಹಂಗರ್ ಗೇಮ್ಸ್’ನ ಮೂರು ಬೆರಳಿನ ಸನ್ನೆ ತೋರಿ ಪೊಲೀಸರ ಕೈಗೆ ಸಿಕ್ಕಿಬಿದ್ದದ್ದನ್ನು ಉತ್ತರವಾಗಿ ಎತ್ತಿ ಹೇಳಬಹುದು. ಆದರೆ ಸನ್ನೆ ಸಿನಿಮಾ ನೋಡಿದವರಿಗೂ ಬರುತ್ತದೆ; ಅದರಿಂದ ಓದಿನ ಗುಣ ಸಾಬೀತಾಗುವುದಿಲ್ಲ. ಇನ್ನು, ಈಗಾಗಲೇ ಕುಗ್ಗಿಹೋಗಿರುವ, ರಾತ್ರಿ ನಿದ್ದೆ ಬಾರದ ಮಗುವಿಗೆ ಇಂಥ ಪುಸ್ತಕ ಕೊಡಬೇಡಿ ಎನ್ನುವ ತಾಯಂದಿರ ಜೊತೆ ನಾನು ವಾದಿಸುವುದಿಲ್ಲ. ಕಾದಂಬರಿ ಓದಿದರೆ ಮಾರ್ಕ್ಸ್ ಹೋಗುತ್ತದೆ ಎನ್ನುವವರು ಈ ಬರಹವನ್ನು ಇಲ್ಲಿಗೇ ಬಿಡಬಹುದು.

ಹಾಗಾಗಿ ಆಯ್ಕೆ ಮುಖ್ಯ. ಮೇಲೆ ಕೂತ ಒಬ್ಬ ದುಷ್ಟನನ್ನು ಉರುಳಿಸಿದೊಡನೆ ಎಲ್ಲ ಸರಿಹೋಗುವ ಕತೆಗಳನ್ನು ಬದಿಗಿಡಬೇಕು. ಹದಿಮೂರರ ಕೈಗೆ ಆರ್ವೆಲ್ಲನ ‘1984’ ಕೊಟ್ಟು ಬೀಗುವ ತಂದೆಯರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ನಡುವೆ ಬರುವ ಗೋಲ್ಡ್‌ಸ್ಟೈನನ ಉದ್ದನೆಯ ಪ್ರಬಂಧದಲ್ಲಿ ಮಗು ಪುಸ್ತಕ ಮುಚ್ಚುತ್ತದೆ, ಆರ್ವೆಲ್ಲನನ್ನೂ ಸೇರಿಸಿ ಮುಚ್ಚುತ್ತದೆ. ಅವನದೇ ‘ಅನಿಮಲ್ ಫಾರ್ಮ್’ ನೂರು ಪುಟದ ಆಸುಪಾಸು, ಅಲ್ಲಿಂದ ಶುರುಮಾಡಬಹುದು. ಕನ್ನಡದಲ್ಲೇ ಓದುವ ಮಕ್ಕಳಿಗೆ ಈ ಕಪಾಟು ಬಹಳ ಬಡವಾಗಿದೆ. ನೀತಿಕತೆ ಮುಗಿದೊಡನೆ ದೊಡ್ಡವರ ಕಾದಂಬರಿ. ನಡುವಿನ ಸೇತುವೆಯನ್ನು ಹೆಚ್ಚುಕಡಿಮೆ ತೇಜಸ್ವಿಯೊಬ್ಬರೇ ಹೊತ್ತಿದ್ದಾರೆ. ಅವರ ‘ಚಿದಂಬರ ರಹಸ್ಯ’ವನ್ನು ಯಾರೂ ಡಿಸ್ಟೋಪಿಯಾ ಎಂದು ಕರೆಯುವುದಿಲ್ಲ. ಆದರೂ ಕೆಸರೂರಿನ ಜನ ಪರಸ್ಪರ ಅನುಮಾನದಲ್ಲೇ ಬೇಯುತ್ತಾ ಊರನ್ನು ವಿನಾಶದ ಅಂಚಿಗೆ ತಂದು ನಿಲ್ಲಿಸುವುದನ್ನು ಹದಿನಾರರವರು ನಗುನಗುತ್ತಲೇ ಓದಿಕೊಂಡು ಹೋಗುತ್ತಾರೆ, ಕೊನೆಗೆ ಬೆಚ್ಚುತ್ತಾರೆ.

‘ಹಂಗರ್ ಗೇಮ್ಸ್’ ಕೊಡುವುದಾದರೆ ಮೊದಲ ಭಾಗಕ್ಕೆ ನಿಲ್ಲಿಸಬೇಡಿ. 2010ರ ಮೂರನೆಯ ಭಾಗ ‘ಮಾಕಿಂಗ್‌ಜೇ’ ಸಪ್ಪೆ ಎಂದು ಮಕ್ಕಳು ದೂರುತ್ತಾರೆ. ನನ್ನ ಮಟ್ಟಿಗೆ ಅದೇ ಸರಣಿಯ ಜೀವ. ಬಂಡಾಯ ಗೆದ್ದಿದೆ. ಬಂಡಾಯದ ನಾಯಕಿ ಕಾಯಿನ್ ಒಂದು ಸೂಚನೆ ಮುಂದಿಡುತ್ತಾಳೆ: ಕೊನೆಯದಾಗಿ ಇನ್ನೊಂದು ಆಟ, ಈ ಸಲ ಸೋತ ರಾಜಧಾನಿಯ ಮಕ್ಕಳಿಂದ. ಮತಕ್ಕೆ ಹಾಕಿದಾಗ ಕ್ಯಾಟ್ನಿಸ್ ಜೊತೆ ಆಟಕ್ಕಿಳಿದಿದ್ದ ಪೀಟಾ ಬೇಡವೇ ಬೇಡ ಎನ್ನುತ್ತಾನೆ. ತಂಗಿಯನ್ನು ಕಳೆದುಕೊಂಡ ಕ್ಯಾಟ್ನಿಸ್ ಆಗಲಿ ಎನ್ನುತ್ತಾಳೆ. ಆಮೇಲೆ, ಹಳೆಯ ಅಧ್ಯಕ್ಷನ ಎದೆಗೆ ಹೂಡಬೇಕಿದ್ದ ಬಾಣವನ್ನು ಕಾಯಿನ್ ಕಡೆಗೆ ಬಿಡುತ್ತಾಳೆ. ಆ ಒಪ್ಪಿಗೆ ಕಾಯಿನ್‌ಳನ್ನು ಮೈಮರೆಸುವ ಉಪಾಯವಾಗಿತ್ತು ಎಂದು ಓದಿದವರಲ್ಲಿ ಅನೇಕರು ಸಮಾಧಾನ ಮಾಡಿಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಗಳಿಗೆಯಲ್ಲಿ ಅವಳು ನಿಜವಾಗಿಯೂ ಆ ಮಕ್ಕಳ ಸಾವು ಬಯಸಿದ್ದಳು ಎಂದೇ ನನ್ನ ಓದು. ಕಾಲಿನ್ಸ್ ಎರಡಕ್ಕೂ ಜಾಗ ಬಿಟ್ಟಿದ್ದಾರೆ. ಪುಸ್ತಕ ಕೊಟ್ಟ ಅಪ್ಪ ಅಮ್ಮ ಅದನ್ನು ತಾವೂ ಓದಿರದಿದ್ದರೆ, ಮಗು ಈ ಜಗಳ ತೆಗೆದಾಗ ಯಾವ ಪಕ್ಷ ಹಿಡಿಯುತ್ತಾರೆ?