ಇ-ಸಿಗರೇಟ್: ನಿಷೇಧದ ನೆರಳಿನಲ್ಲಿ ಬ್ಯಾಟರಿಯ ಬೆಂಕಿ

ಇ-ಸಿಗರೇಟ್ ಮಾರಾಟಕ್ಕೆ ಕರ್ನಾಟಕ ಸರ್ಕಾರ 2016ರ ಜೂನ್‌ನಲ್ಲಿಯೇ ನಿಷೇಧ ಹೇರಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಅನ್ವಯಿಸುವ ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ಈ ಎಲ್ಲ ಬೆಳವಣಿಗೆಗಳ ನಡುವೆ ಚರ್ಚೆಯಾದದ್ದು ಮುಖ್ಯವಾಗಿ ನಿಕೋಟಿನ್ ವ್ಯಸನ, ಹದಿಹರೆಯದವರ ಭವಿಷ್ಯ ಮತ್ತು ಶ್ವಾಸಕೋಶದ ಆರೋಗ್ಯ. ಅವು ಚರ್ಚೆಯಾಗಬೇಕಾದ ಸಂಗತಿಗಳೇ. ಆದರೆ ಈ ಸಾಧನ ಇನ್ನೊಂದು ಬಗೆಯಲ್ಲೂ ಅಪಾಯಕಾರಿ ಎಂಬುದರತ್ತ ನಮ್ಮ ಗಮನ ಹರಿದದ್ದು ಕಡಿಮೆ. ಇ-ಸಿಗರೇಟ್ ಎಂದರೆ ತುಟಿಗೆ ಹಚ್ಚಿಕೊಳ್ಳುವ ಒಂದು ವಿದ್ಯುತ್ ಉಪಕರಣ. ಅದರೊಳಗಿನ ಲಿಥಿಯಂ-ಅಯಾನ್ ಬ್ಯಾಟರಿ ಕೆರಳಿದರೆ ಹಾನಿಯಾಗಲು ವರ್ಷಗಳು ಬೇಕಿಲ್ಲ, ಒಂದೆರಡು ಸೆಕೆಂಡು ಸಾಕು.

2018ರ ಮೇ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 38 ವರ್ಷದ ವ್ಯಕ್ತಿಯೊಬ್ಬರು ತಮ್ಮ ಮನೆಯಲ್ಲಿಯೇ ಇ-ಸಿಗರೇಟ್ ಸ್ಫೋಟಕ್ಕೆ ಬಲಿಯಾದರು. ಸಾಧನದ ಚೂರುಗಳು ಗುಂಡಿನಂತೆ ತಲೆಬುರುಡೆಯನ್ನು ಹೊಕ್ಕಿದ್ದವು. 2019ರ ಜನವರಿಯಲ್ಲಿ ಟೆಕ್ಸಾಸ್‌ನ ಫೋರ್ಟ್‌ವರ್ತ್‌ನಲ್ಲಿ 24 ವರ್ಷದ ಯುವಕನ ಕತ್ತಿನ ರಕ್ತನಾಳವನ್ನು ಇಂಥದೇ ಸ್ಫೋಟದ ಚೂರು ಸೀಳಿತು. ಆತ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ಇವು ಎಲ್ಲೋ ಒಮ್ಮೆ ಸಂಭವಿಸುವ ಆಕಸ್ಮಿಕಗಳೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಅಗ್ನಿಶಾಮಕ ಆಡಳಿತವು 2017ರಲ್ಲಿ ಪ್ರಕಟಿಸಿದ ವರದಿಯಂತೆ 2009ರಿಂದ 2016ರವರೆಗೆ ಮಾಧ್ಯಮಗಳಲ್ಲಿ ವರದಿಯಾದ ಪ್ರಕರಣಗಳೇ 195. ಅವುಗಳಲ್ಲಿ 133 ಮಂದಿ ಗಾಯಗೊಂಡಿದ್ದರು, 38 ಮಂದಿಯ ಗಾಯ ತೀವ್ರವಾಗಿತ್ತು. ವರದಿಯಾಗದೆ ಉಳಿದವು ಇನ್ನೂ ಹೆಚ್ಚು. 2015ರಿಂದ 2017ರ ಅವಧಿಯಲ್ಲಿ ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಸುಮಾರು 2,035 ಇಂಥ ಪ್ರಕರಣಗಳು ಬಂದಿರಬಹುದೆಂದು ಸಂಶೋಧಕರು ಬಳಿಕ ಅಂದಾಜಿಸಿದರು.

ಒಳಗಿರುವುದು ಏನು?

ಈ ಸಾಧನದ ರಚನೆ ಸರಳ. ಒಂದು ಬ್ಯಾಟರಿ, ಒಂದು ಲೋಹದ ತಂತಿಯ ಸುರುಳಿ, ಸುರುಳಿಯೊಳಗೆ ಹಾಯ್ದ ಹತ್ತಿಯ ಬತ್ತಿ, ಬತ್ತಿ ಹೀರಿಕೊಳ್ಳುವ ದ್ರವ. ಗುಂಡಿ ಒತ್ತಿದಾಗ ಸುರುಳಿಯಲ್ಲಿ ವಿದ್ಯುತ್ ಹರಿದು ಅದು ಕಾಯುತ್ತದೆ, ದ್ರವ ಆವಿಯಾಗುತ್ತದೆ. ನೀರು ಕಾಯಿಸುವ ಹೀಟರಿನ ಕಾಯಿಲ್ ಕೆಲಸ ಮಾಡುವುದೂ ಇದೇ ತತ್ವದ ಮೇಲೆ.

ಇವುಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಮೊದಲನೆಯದು, ಬಳಸಿ ಬಿಸಾಡುವ ಚಿಕ್ಕ ಸಾಧನ. ಇದರಲ್ಲಿ ಬಳಕೆದಾರ ಏನನ್ನೂ ಬದಲಿಸುವಂತಿಲ್ಲ. ಎರಡನೆಯದು, ವಿದ್ಯುತ್ತಿನ ಪ್ರಮಾಣವನ್ನು ಅಳೆದು ಮಿತಿಯಲ್ಲಿಡುವ ಎಲೆಕ್ಟ್ರಾನಿಕ್ ಫಲಕವುಳ್ಳದ್ದು. ಮೂರನೆಯದನ್ನು ಮೆಕ್ಯಾನಿಕಲ್ ಎಂದು ಕರೆಯುತ್ತಾರೆ. ಅದು ಲೋಹದ ಕೊಳವೆಯಷ್ಟೇ. ಬ್ಯಾಟರಿ ಮತ್ತು ಸುರುಳಿಯ ನಡುವೆ ಒಂದು ಗುಂಡಿಯ ಹೊರತು ಬೇರಾವ ಕಾವಲೂ ಇರುವುದಿಲ್ಲ. ಫ್ಲಾರಿಡಾದಲ್ಲಿ ಸ್ಫೋಟಿಸಿದ್ದು ಈ ಮೂರನೆಯ ಬಗೆಯ ಸಾಧನ. ಫ್ಯೂಸ್ ಇಲ್ಲದ ಮನೆಯ ವೈರಿಂಗ್‌ಗೆ ಇದನ್ನು ಹೋಲಿಸಬಹುದು. ಎಲ್ಲವೂ ಸರಿಯಿರುವಷ್ಟು ಕಾಲ ದೀಪ ಉರಿಯುತ್ತದೆ. ತಪ್ಪೊಂದು ಘಟಿಸಿದರೆ ತಡೆಯುವವರಿಲ್ಲ.

ಓಮ್ ನಿಯಮದ ಲೆಕ್ಕ

ಪ್ರೌಢಶಾಲೆಯ ವಿಜ್ಞಾನದಲ್ಲಿ ಓದಿ ಮರೆತ ಓಮ್ ನಿಯಮ ಇಲ್ಲಿ ಜೀವನ್ಮರಣದ ಪ್ರಶ್ನೆಯಾಗುತ್ತದೆ. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಹರಿಯುವ ವಿದ್ಯುತ್ ಪ್ರವಾಹ ದೊರೆಯುತ್ತದೆ ಎಂಬುದೇ ಆ ನಿಯಮ. ಪೂರ್ತಿ ಚಾರ್ಜ್ ಆದ ಒಂದು ಲಿಥಿಯಂ-ಅಯಾನ್ ಕೋಶದ ವೋಲ್ಟೇಜ್ 4.2. ಸುರುಳಿಯ ರೋಧ 1 ಓಮ್ ಇದ್ದರೆ ಹರಿಯುವ ಪ್ರವಾಹ 4.2 ಆಂಪಿಯರ್. ರೋಧ 0.5 ಓಮ್‌ಗೆ ಇಳಿದರೆ ಪ್ರವಾಹ 8.4 ಆಂಪಿಯರ್. 0.2 ಓಮ್‌ಗೆ 21 ಆಂಪಿಯರ್. 0.1 ಓಮ್‌ಗೆ 42 ಆಂಪಿಯರ್. ರೋಧ ಕಡಿಮೆಯಾದಷ್ಟೂ ಬ್ಯಾಟರಿಯ ಮೇಲಿನ ಹೊರೆ ಹೆಚ್ಚುತ್ತದೆ.

ಹೊಸಬರು ಎಡವುವುದು ಇಲ್ಲಿಯೇ. ಸಣ್ಣ ಅಂಕಿ ಸೌಮ್ಯವಾದದ್ದು, ದೊಡ್ಡ ಅಂಕಿ ತೀವ್ರವಾದದ್ದು ಎಂಬುದು ನಮ್ಮ ಸಹಜ ತಿಳಿವಳಿಕೆ. ಸುರುಳಿಯ ವಿಷಯದಲ್ಲಿ ಅದು ತಿರುಗುಮುರುಗು. 0.5ಕ್ಕೂ 0.1ಕ್ಕೂ ಇರುವ ವ್ಯತ್ಯಾಸ ಕಾಗದದ ಮೇಲೆ ಅತ್ಯಲ್ಪ. ಬ್ಯಾಟರಿಯ ಪಾಲಿಗೆ ಅದು ಐದು ಪಟ್ಟು ಹೊರೆ. ಇನ್ನೊಂದು ತಪ್ಪು ಜೋಡಿ ಸುರುಳಿಯದು. ಹೆಚ್ಚು ಹೊಗೆಯ ಆಸೆಗೆ 0.4 ಓಮ್‌ನ ಒಂದು ಸುರುಳಿಯ ಪಕ್ಕದಲ್ಲಿ ಅಷ್ಟೇ ರೋಧದ ಮತ್ತೊಂದನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ 0.8 ಆಗುವುದಿಲ್ಲ, 0.2ಕ್ಕೆ ಇಳಿಯುತ್ತದೆ. ತಂತಿ ದಪ್ಪವಾದರೂ, ಅದರ ಉದ್ದ ಕಡಿಮೆಯಾದರೂ ರೋಧ ಕುಗ್ಗುತ್ತದೆ. ತಂತಿಯ ತುದಿ ಸಾಧನದ ಲೋಹದ ಗೋಡೆಗೆ ತಾಗಿದರಂತೂ ರೋಧ ಶೂನ್ಯಕ್ಕೆ ಸಮೀಪಿಸುತ್ತದೆ. ಅದುವೇ ಶಾರ್ಟ್ ಸರ್ಕ್ಯೂಟ್.

ಎಲೆಕ್ಟ್ರಾನಿಕ್ ನಿಯಂತ್ರಣವುಳ್ಳ ಸಾಧನಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಬ್ಯಾಟರಿಯ ಹೊರೆಯನ್ನು ನಿರ್ಧರಿಸುವುದು ಸುರುಳಿಯ ರೋಧವಲ್ಲ, ಬಳಕೆದಾರ ಆರಿಸಿಕೊಂಡ ವಾಟ್ ಪ್ರಮಾಣ. ಒಂದೇ ಕೋಶವಿರುವ ಸಾಧನವನ್ನು 80 ವಾಟ್‌ಗೆ ಇಟ್ಟರೆ, ಚಾರ್ಜ್ ಪೂರ್ತಿಯಿದ್ದಾಗ ಸುಮಾರು 19 ಆಂಪಿಯರ್ ಸಾಕಾಗುತ್ತದೆ. ಬಳಸುತ್ತ ವೋಲ್ಟೇಜ್ 3.2ಕ್ಕೆ ಇಳಿದಾಗ ಅಷ್ಟೇ ವಾಟ್‌ಗೆ 25 ಆಂಪಿಯರ್ ಬೇಕಾಗುತ್ತದೆ. ಬ್ಯಾಟರಿ ಬರಿದಾಗುತ್ತ ಬಂದಂತೆ ಅದರ ಮೇಲಿನ ಹೊರೆ ಏರುತ್ತದೆ ಎಂಬ ಈ ಸೂಕ್ಷ್ಮ ಹಳಬರಿಗೂ ತಿಳಿದಿರುವುದು ಅಪರೂಪ.

ಲೇಬಲ್ಲಿನ ಅಂಕಿಗಳನ್ನು ನಂಬಬಹುದೇ?

ಇಂಥ ಸಾಧನಗಳಲ್ಲಿ ಹೆಚ್ಚು ಬಳಕೆಯಾಗುವುದು 18650 ಎಂಬ ಗುರುತಿನ ಕೋಶ. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ ಎಂಬುದೇ ಆ ಸಂಖ್ಯೆಯ ಅರ್ಥ. ಲ್ಯಾಪ್‌ಟಾಪ್, ಪವರ್ ಬ್ಯಾಂಕ್, ಬೇಟರಿ ಚಾಲಿತ ಡ್ರಿಲ್ಲಿಂಗ್ ಯಂತ್ರಗಳಲ್ಲಿಯೂ ಇದೇ ಗಾತ್ರದ ಕೋಶಗಳಿರುತ್ತವೆ. ಗಾತ್ರ ಒಂದೇ ಆದರೂ ಸಾಮರ್ಥ್ಯ ಒಂದೇ ಅಲ್ಲ. ನಿರಂತರವಾಗಿ 20 ಆಂಪಿಯರ್ ನೀಡಬಲ್ಲ ಕೋಶಗಳುಂಟು. 10 ಆಂಪಿಯರ್ ದಾಟಿದರೆ ಕಾದು ಕೆಂಡವಾಗುವಂಥವೂ ಉಂಟು. ಲ್ಯಾಪ್‌ಟಾಪಿನಿಂದ ಕಿತ್ತ ಕೋಶವನ್ನು 0.2 ಓಮ್ ಸುರುಳಿಗೆ ಜೋಡಿಸುವುದು ಸೈಕಲ್ಲಿನ ಬ್ರೇಕ್ ನಂಬಿ ಲಾರಿ ಇಳಿಜಾರಿನಲ್ಲಿ ಓಡಿಸಿದಂತೆ.

ಖರೀದಿಸುವವರು ಸಾಮಾನ್ಯವಾಗಿ ನೋಡುವುದು ಮಿಲಿ ಆಂಪಿಯರ್-ಅವರ್ ಎಂಬ ಅಂಕಿಯನ್ನು. ಅದು ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ಒಮ್ಮೆಗೆ ಎಷ್ಟು ಪ್ರವಾಹವನ್ನು ಸುರಕ್ಷಿತವಾಗಿ ಕೊಡಬಲ್ಲದು ಎಂಬುದನ್ನಲ್ಲ. ವಾಸ್ತವದಲ್ಲಿ ಇವೆರಡೂ ಬಹುತೇಕ ಪರಸ್ಪರ ವಿರುದ್ಧ. 3500ರ ಆಸುಪಾಸಿನ ಧಾರಣಶಕ್ತಿಯ ಹಲವು ಕೋಶಗಳ ಪ್ರವಾಹ ಮಿತಿ 10 ಆಂಪಿಯರ್ ಇಲ್ಲವೇ ಅದಕ್ಕಿಂತ ಕಡಿಮೆ. ಇನ್ನು ಅಗ್ಗದ ಕೋಶಗಳಿಗೆ ಬಣ್ಣದ ಹೊಸ ಹೊದಿಕೆ ತೊಡಿಸಿ ಮನಬಂದ ಅಂಕಿ ಮುದ್ರಿಸುವ ದಂಧೆ ಜಗತ್ತಿನಾದ್ಯಂತ ನಡೆದಿದೆ. ಈ ಗಾತ್ರದ ಕೋಶದ ಮೇಲೆ 5000 ಮೀರಿದ ಅಂಕಿ ಕಂಡರೆ ಅದು ನಕಲಿ ಎಂದೇ ತಿಳಿಯಬಹುದು.

ಇದಕ್ಕಿಂತ ಮೂಲಭೂತವಾದ ಪ್ರಶ್ನೆಯೊಂದಿದೆ. ಬಿಡಿ ಕೋಶಗಳು ಗ್ರಾಹಕರ ಕೈಸೇರಬೇಕಾದ ಸರಕೇ ಅಲ್ಲ. ರಕ್ಷಣಾ ಸರ್ಕ್ಯೂಟ್ ಸಹಿತವಾದ ಬ್ಯಾಟರಿ ಪ್ಯಾಕ್‌ನೊಳಗೆ ಬಳಸಲೆಂದು ಕಾರ್ಖಾನೆಗಳು ಅವನ್ನು ತಯಾರಿಸುತ್ತವೆ. 2021ರ ಜನವರಿಯಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಬಿಡಿ 18650 ಕೋಶಗಳನ್ನು ಕೊಳ್ಳಬೇಡಿ, ಬಳಸಬೇಡಿ ಎಂದು ಸಾರ್ವಜನಿಕರನ್ನು ಎಚ್ಚರಿಸಿತು.

ಜೇಬಿನಲ್ಲಿ, ಚಾರ್ಜರಿನಲ್ಲಿ

ಬಳಸುತ್ತಿರುವಾಗ ಮಾತ್ರ ಅಪಾಯ ಎಂಬ ಭಾವನೆ ತಪ್ಪು. ಮೇಲೆ ಹೇಳಿದ 195 ಪ್ರಕರಣಗಳಲ್ಲಿ ಬಳಕೆಯ ವೇಳೆ ನಡೆದವು 60; ಸಾಧನ ಅಥವಾ ಹೆಚ್ಚುವರಿ ಬ್ಯಾಟರಿ ಜೇಬಿನಲ್ಲಿದ್ದಾಗ ನಡೆದವು 61; ಚಾರ್ಜ್ ಆಗುತ್ತಿದ್ದಾಗ ನಡೆದವು 48. ಬಿಡಿ ಕೋಶವೊಂದು ಜೇಬಿನಲ್ಲಿ ಬೀಗದ ಕೈ ಅಥವಾ ನಾಣ್ಯಗಳ ಜತೆಗಿದ್ದರೆ ಆ ಲೋಹವೇ ಎರಡು ತುದಿಗಳನ್ನು ಬೆಸೆಯುತ್ತದೆ. ಕೋಶದ ಧನ ತುದಿಗೂ ಋಣ ಭಾಗವಾದ ಲೋಹದ ಕವಚಕ್ಕೂ ನಡುವೆ ಇರುವುದು ತೆಳುವಾದ ಪ್ಲಾಸ್ಟಿಕ್ ಹೊದಿಕೆ. ಅದು ಹರಿದಿದ್ದರೆ ಅಪಾಯ ಇಮ್ಮಡಿ.

ಕೋಶದೊಳಗಿನ ಪದರಗಳನ್ನು ಬೇರ್ಪಡಿಸುವ ಪ್ಲಾಸ್ಟಿಕ್ ಪರದೆ ಸುಮಾರು 130 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗತೊಡಗುತ್ತದೆ. ಪರದೆ ಹೋದೊಡನೆ ಪದರಗಳು ಒಂದಕ್ಕೊಂದು ತಾಗಿ ಶಾಖ ಇನ್ನಷ್ಟು ಏರುತ್ತದೆ. ಆ ಶಾಖ ಮತ್ತಷ್ಟು ರಾಸಾಯನಿಕ ಕ್ರಿಯೆಯನ್ನು ಉದ್ದೀಪಿಸುತ್ತದೆ. ತನ್ನನ್ನು ತಾನೇ ಉರಿಸಿಕೊಳ್ಳುವ ಈ ಸರಪಳಿ ಒಮ್ಮೆ ಆರಂಭವಾದರೆ ಗುಂಡಿಯಿಂದ ಬೆರಳು ತೆಗೆದರೂ ನಿಲ್ಲುವುದಿಲ್ಲ. ಒಳಗೆ ಹುಟ್ಟಿದ ಅನಿಲಕ್ಕೆ ಹೊರದಾರಿ ಸಿಗದಿದ್ದರೆ ಲೋಹದ ಕೊಳವೆ ಬಂದೂಕಿನ ನಳಿಗೆಯಾಗುತ್ತದೆ. ಕೊಳವೆಯ ಆಕಾರದ ಕೋಶಕ್ಕೆ ದುರ್ಬಲವಾದ ಭಾಗ ಅದರ ತುದಿ. ಸಾಧನದ ಆ ತುದಿ ಇರುವುದು ಸೇದುವವನ ಬಾಯಿಯ ಎದುರು. 2015ರಲ್ಲಿ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಈ ಸಾಧನಗಳನ್ನು ವಿಮಾನದ ಸರಕು ವಿಭಾಗಕ್ಕೆ ಹೋಗುವ ಚೀಲಗಳಲ್ಲಿ ಇಡುವುದನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ.

ಸ್ಫೋಟದಿಂದಾಗುವ ಗಾಯವೂ ಸಾಮಾನ್ಯ ಸುಟ್ಟಗಾಯವಲ್ಲ. ಬ್ಯಾಟರಿಯಿಂದ ಚಿಮ್ಮಿದ ದ್ರವ ಚರ್ಮವನ್ನು ರಾಸಾಯನಿಕವಾಗಿಯೂ ಸುಡುತ್ತದೆ. ಬಟ್ಟೆಯನ್ನು ತಕ್ಷಣ ತೆಗೆದು ಆಸ್ಪತ್ರೆಗೆ ಧಾವಿಸಬೇಕು. ಗಾಯಕ್ಕೆ ಕಾರಣ ಲಿಥಿಯಂ ಬ್ಯಾಟರಿ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ಕಾನೂನಿನ ಭಯದಿಂದ ಸುಳ್ಳು ಹೇಳಿದರೆ ಚಿಕಿತ್ಸೆಯೇ ದಾರಿತಪ್ಪೀತು.

ನಿಷೇಧಕ್ಕೆ ಪೂರಕವಾಗಿ ತಿಳಿವಳಿಕೆ

2019ರ ಕಾಯ್ದೆ ಇ-ಸಿಗರೇಟ್ ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ದಾಸ್ತಾನು ಮತ್ತು ಜಾಹೀರಾತನ್ನು ನಿಷೇಧಿಸಿದೆ. ಮೊದಲ ಬಾರಿ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡ. ದಾಸ್ತಾನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 50 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಕಾನೂನು ಕಠಿಣವಾಗಿಯೇ ಇದೆ. ಆದರೂ ಕಳ್ಳದಾರಿಯಲ್ಲಿ ಬಂದ ಸಾಧನಗಳು ನಗರಗಳಲ್ಲಿ ಸಿಕ್ಕಿಬೀಳುತ್ತಲೇ ಇವೆ.

ನಿಷೇಧಿತ ಸರಕಿನ ಗುಣಮಟ್ಟವನ್ನು ಪರೀಕ್ಷಿಸುವವರು ಇರುವುದಿಲ್ಲ. ನಮ್ಮ ಮೊಬೈಲ್ ಫೋನಿನ ಬ್ಯಾಟರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 16046 ಮಾನದಂಡ ಕಡ್ಡಾಯ. ಅಮೆರಿಕದ ಯುಎಲ್ ಸಂಸ್ಥೆ ಇ-ಸಿಗರೇಟಿನ ವಿದ್ಯುತ್ ವ್ಯವಸ್ಥೆಗೆಂದೇ 8139 ಸಂಖ್ಯೆಯ ಮಾನದಂಡ ರೂಪಿಸಿದೆ. ಕಳ್ಳದಾರಿಯಲ್ಲಿ ಬಂದ ಸಾಧನಕ್ಕೆ ಇವಾವುವೂ ಇಲ್ಲ. ದೂರು ಕೊಡಲು ಬಿಲ್ಲೂ ಇಲ್ಲ, ಅಂಗಡಿಯೂ ಇಲ್ಲ. ಕರ್ನಾಟಕಕ್ಕೆ ಈ ಪಾಠ ಹೊಸದಲ್ಲ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. 2008ರ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಎರಡೂ ಸಂಗತಿಗಳ ಪ್ರಮಾಣ ಬೇರೆ, ಸ್ವರೂಪ ಬೇರೆ. ಆದರೆ ನಿಷೇಧದ ಆದೇಶದೊಂದಿಗೆ ಸರ್ಕಾರದ ಹೊಣೆ ಮುಗಿಯುವುದಿಲ್ಲ ಎಂಬ ಅಂಶ ಎರಡಕ್ಕೂ ಸಮಾನ.

ಬ್ಯಾಟರಿ ಸುರಕ್ಷತೆಯ ಬಗ್ಗೆ ಮಾತನಾಡಿದರೆ ಬಳಕೆಗೆ ಉತ್ತೇಜನ ಕೊಟ್ಟಂತಾಗುತ್ತದೆ ಎಂಬ ಆಕ್ಷೇಪವಿದೆ. ಈ ಆತಂಕ ನಿರಾಧಾರವಲ್ಲ. ಸುರಕ್ಷತೆಯ ನೆಪದಲ್ಲಿ ಪ್ರಚಾರ ನಡೆಸುವ ಹಿತಾಸಕ್ತಿಗಳು ಇಲ್ಲದಿಲ್ಲ. ಆದರೆ ತಿಳಿವಳಿಕೆ ಸರಿಯಾದ ಮೂಲದಿಂದ ಬಾರದಿದ್ದರೆ ಜ್ಞಾನವಿಲ್ಲದ ಗೆಳೆಯನಿಂದ, ಮಾರುವವನಿಂದ ಬರುತ್ತದೆ. ಓಮ್ ಎಷ್ಟು, ಆಂಪಿಯರ್ ಎಷ್ಟು ಎಂದು ಅರಿಯದ ಹದಿನೆಂಟರ ಹುಡುಗನಿಗೆ ಹೊಗೆ ಹೆಚ್ಚು ಬರುವ ಉಪಾಯ ಮಾತ್ರ ಗೊತ್ತಿರುತ್ತದೆ. ಅಪಾಯದ ಲೆಕ್ಕ ಬಿಡಿಸಿ ಹೇಳಿದರೆ ಅದು ಈ ಚಟಕ್ಕೆ ಇಳಿಯದಿರಲು ಇನ್ನೊಂದು ಕಾರಣವಾದೀತೇ ಹೊರತು ಆಮಿಷವಾಗಲಾರದು.

ಈ ಹಿನ್ನೆಲೆಯಲ್ಲಿ ಮೂರು ಕೆಲಸಗಳು ಆಗಬೇಕಿವೆ. ಆರೋಗ್ಯ ಇಲಾಖೆಯು ಶಾಲಾ ಕಾಲೇಜುಗಳಲ್ಲಿ ನಡೆಸುವ ತಂಬಾಕು ವಿರೋಧಿ ಕಾರ್ಯಕ್ರಮಗಳಲ್ಲಿ ಬ್ಯಾಟರಿಯ ಅಪಾಯವನ್ನೂ ಸೇರಿಸಬೇಕು. ಆಸ್ಪತ್ರೆಗಳ ಸುಟ್ಟಗಾಯ ವಿಭಾಗಗಳು ಲಿಥಿಯಂ ಬ್ಯಾಟರಿಯಿಂದಾದ ಗಾಯಗಳನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಅಂಕಿ-ಅಂಶವಿಲ್ಲದೆ ನೀತಿ ರೂಪಿಸಲಾಗದು. ವಶಪಡಿಸಿಕೊಂಡ ಸಾಧನಗಳನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ವಿಲೇವಾರಿ ಮಾಡಬೇಕು. ಬಳಸಿ ಬಿಸಾಡುವ ಇ-ಸಿಗರೇಟುಗಳ ಮಾರಾಟವನ್ನು ಬ್ರಿಟನ್ 2025ರ ಜೂನ್ 1ರಿಂದ ನಿಷೇಧಿಸಿದೆ. ಅದಕ್ಕೆ ಈ ತ್ಯಾಜ್ಯದ ಸಮಸ್ಯೆಯೂ ಒಂದು ಕಾರಣ.

ಈಗಾಗಲೇ ಚಟಕ್ಕೆ ಸಿಲುಕಿದವರಿಗೆ ಅತ್ಯಂತ ಸುರಕ್ಷಿತ ದಾರಿ ಅದನ್ನು ಬಿಡುವುದೇ. ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356 ಉಚಿತವಾಗಿ ಲಭ್ಯವಿದ್ದು, ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಜಾಲದ ಭಾಗವಾಗಿದೆ. ಬಿಡುವವರೆಗಿನ ದಿನಗಳಿಗೂ ಕೆಲವು ಎಚ್ಚರಗಳು ಅಗತ್ಯ. ಎಲೆಕ್ಟ್ರಾನಿಕ್ ನಿಯಂತ್ರಣವಿಲ್ಲದ ಸಾಧನವನ್ನು ಮುಟ್ಟಬಾರದು. ಹೊದಿಕೆ ಹರಿದ, ಉಬ್ಬಿದ, ಜಜ್ಜಿಹೋದ ಬ್ಯಾಟರಿಯನ್ನು ಬಳಸಬಾರದು. ಬಿಡಿ ಕೋಶವನ್ನು ಜೇಬಿಗೆ ಹಾಕಿಕೊಳ್ಳಬಾರದು. ದಿಂಬಿನ ಪಕ್ಕ ಚಾರ್ಜಿಗಿಟ್ಟು ನಿದ್ರಿಸಬಾರದು. ಮಕ್ಕಳ ಚೀಲದಲ್ಲಿ ಪೆನ್ ಡ್ರೈವ್‌ನಂತೆ ಕಾಣುವ ವಸ್ತುವೊಂದು ಸಿಕ್ಕಿದಾಗ ಗದರುವ ಮೊದಲು ಅದನ್ನು ಬಿಸಿಲು, ಬೆಂಕಿ, ಲೋಹದ ವಸ್ತುಗಳಿಂದ ದೂರವಿಡುವುದು ಪೋಷಕರು ಮಾಡಬೇಕಾದ ಮೊದಲ ಕೆಲಸ. ಮಾತುಕತೆ ಅದರ ನಂತರವೂ ಆದೀತು.